ಕ್ಷ

ಮೂವತ್ತು ನಾಣ್ಯ. ಎರಡರವು, ಐದರವು.
ಒಟ್ಟು ತೊಂಬತ್ತು ರೂಪಾಯಿ.
ಐದರವು ಎಷ್ಟು?

ಅಕ್ಕಲಕೋಟೆಯ ಕನ್ನಡ ಶಾಲೆಗೂ ಮರಾಠಿ ಶಾಲೆಗೂ ನಡುವೆ ಒಂದೇ ಗೋಡೆ.
ಆ ಗೋಡೆ ಹಾರಿ ಬಂದ ಅಕ್ಷರವನ್ನೇ
ತೋಳನೂರ ಗುರುಗಳು ಹಲಗೆಯ ಮೇಲೆ ಬರೆದರು: ಕ್ಷ.
"ಗೊತ್ತಿಲ್ಲದ್ದಕ್ಕ ಮೊದಲು ಒಂದು ಹೆಸರಿಡ್ರಿ.
ಹೆಸರು ಹಿಡಿದು ಕರದ್ರ ತಾನ ಹೊರಗ ಬರ್ತದ."

ನಾನು ಕರೆದೆ.
ಐದು ಕ್ಷ, ಕೂಡಿಸು ಎರಡು,
ಕಂಸದೊಳಗೆ ಮೂವತ್ತು ಕಳೆ ಕ್ಷ.
ಕಂಸ ಬಿಡಿಸುವಾಗ ಕಳೆಯುವ ಗೆರೆ ಎಲ್ಲೋ ಜಾರಿ
ನನ್ನ ಕ್ಷ ಹೊರಗೆ ಬಂದದ್ದು ಹೀಗೆ:
ನಾಲ್ಕು ನಾಣ್ಯ, ಮತ್ತೊಂದರ
ಏಳರಲ್ಲಿ ಎರಡು ಪಾಲು.
"ಯಾವ ಅಂಗಡ್ಯಾಗ ನಡೀತದ ತಾಯಿ, ಈ ಚೂರು?"
ಇಡೀ ವರ್ಗ ನಕ್ಕಿತು. ಗೋಡೆಯಾಚೆಯವರೂ
ಯಾತಕ್ಕೋ ನಕ್ಕರು.

ಅವ್ವ ತೊಡೆಯ ಮೇಲೆ ಮೊರ ಇಟ್ಟುಕೊಂಡು
ಬೀಡಿ ಸುತ್ತುತ್ತಿದ್ದಳು. ನಾನು ಲೆಕ್ಕ ಓದಿದೆ.
ತಲೆ ಎತ್ತಲಿಲ್ಲ.
"ಎಲ್ಲಾ ಎರಡರವ ಅವ ಅನ್ನು. ಅರವತ್ತಾತು.
ಇನ್ನೂ ಮೂವತ್ತು ಬೇಕು.
ಒಂದು ಎರಡರದು ತಗದು ಐದರದು ಇಟ್ರ
ಮೂರು ಏರ್ತದ. ಹತ್ತು ಸಲ ಇಡು."
ಎಲೆಯ ಬಾಯಿ ಮಡಚಿ ಕೆಂಪು ದಾರ ಸುತ್ತಿ
ಹಲ್ಲಿನಿಂದ ಕಡಿದಳು.
ಉತ್ತರವೂ ಬೀಡಿಯೂ ಒಟ್ಟಿಗೇ ಮೊರಕ್ಕೆ ಬಿದ್ದವು.

"ಸುಳ್ಳು ಅನ್ಕೋಬೇಕೇನವ್ವ ಮೊದಲು?"
"ಅನ್ಕೊಂಡು ಬಿಡೂದಲ್ಲ. ಎಷ್ಟು ಸುಳ್ಳದ ಅಂತ ನೋಡೂದು."

ಶನಿವಾರ ಮಲಕಪ್ಪ ಮುಕಾದಮ ಬಂದ.
ನೋಟು ಸಿಗಲಿಲ್ಲವಂತೆ, ಹೋಟೆಲಿನ ಚಿಲ್ಲರೆಯಂತೆ.
ಹನ್ನೊಂದು ಮಂದಿಗೆ ಹನ್ನೊಂದು ಗಂಟು,
ಗಂಟಿಗೊಂದು ಚೀಟಿ.
"ಎರಡರವು, ಐದರವು, ಮತ್ತೇನಿಲ್ಲ.
ಮಹಾನಂದಾ, ನಿಂದು ನಲವತ್ತು ನಾಣ್ಯ,
ನೂರಿಪ್ಪತ್ನಾಕು ರೂಪಾಯಿ. ಎಣಿಸ್ತಾ ಕೂಡಬ್ಯಾಡ."

ಅವ್ವ ಎಣಿಸಲಿಲ್ಲ. ಗಂಟು ಬಿಚ್ಚಲೂ ಇಲ್ಲ.
"ಎಂಬತ್ತು ಹೋತು, ನಲವತ್ನಾಕು ಉಳೀತು.
ಇದಕ್ಕ ಮೂರು ಹಾಯೂದಿಲ್ಲಲ್ಲೋ ಮಲಕಪ್ಪ."
ಅವನು ಸೈಕಲ್ಲಿನ ಗಂಟೆ ಒರೆಸತೊಡಗಿದ.
"ನೂರಿಪ್ಪತ್ತೈದಿದ್ರ ಹಾಯ್ತಿತ್ತು.
ಇದು ಕಟ್ಟಿದ ಮ್ಯಾಲ ಕೈ ಹೋದ ಗಂಟು."

ನಾನು ಕಟ್ಟೆಯ ಮೇಲಿನ ತಂಬಾಕಿನ ಪುಡಿಯಲ್ಲಿ
ಬೆರಳಿನಿಂದ ಬರೆದೆ.
ಕಂಸ ಸರಿಯಾಗಿ ಬಿಚ್ಚಿತು, ಗೆರೆ ಜಾರಲಿಲ್ಲ.
ಆದರೂ ಕ್ಷ ಬಂದದ್ದು
ಹದಿನಾಲ್ಕು, ಮೂರರಲ್ಲಿ ಎರಡು.
ಅಳಿಸಿ ಇನ್ನೊಮ್ಮೆ ಮಾಡಿದೆ. ಅಷ್ಟೇ.
ನನ್ನ ಲೆಕ್ಕ ಸರಿಯಿದ್ದು
ಲೋಕದ್ದೇ ತಪ್ಪಿದ್ದ ಮೊದಲ ಸಲ ಅದು.

ಬಿಚ್ಚಿ ಸುರಿದರು.
ಹದಿನೈದು ಐದರವು. ಇಪ್ಪತ್ನಾಲ್ಕು ಎರಡರವು.
ಅವುಗಳ ನಡುವೆ, ಕರೆಯದೆ ಬಂದವನ ಹಾಗೆ,
ಒಂದು ಒಂದರ ನಾಣ್ಯ.

"ಛಾಟ್ ಬೀಡಿಗೆ ಒಂದು ರೂಪಾಯಿ ಹಿಡದೀನಿ.
ಅದೇನು ದೊಡ್ಡ ಮಾತು?"
"ಹಿಡಿ. ಹೇಳಿ ಹಿಡಿ."
ಅಷ್ಟೇ ಅಂದಳು ಅವ್ವ.

ಆಮೇಲೆ ತಿಪ್ಪವ್ವ ತನ್ನ ಗಂಟು ನನ್ನ ಮುಂದಿಟ್ಟಳು.
ಹಿಂದೆಯೇ ರುಕ್ಮಾಬಾಯಿ. ಹಿಂದೆಯೇ ಹಸೀನಾ ಆಪಾ,
"ನಂದೂ ನೋಡ ಬೇಟಿ, ಹಾಯ್ತದೋ ಇಲ್ಲೋ."
ಕತ್ತಲಾಗುವವರೆಗೆ ಬರೆದೆ, ಅಳಿಸಿದೆ.
ನಾಲ್ಕು ಗಂಟಿಗೆ ಹಾಯ್ದಿತು. ಏಳಕ್ಕಿಲ್ಲ.
ಬೆರಳು ಮೂಸಿದರೆ ಸೀನು ಬರುತ್ತಿತ್ತು.

ಆ ರೂಪಾಯಿ ಯಾರಿಗೂ ತಿರುಗಿ ಬರಲಿಲ್ಲ.
ಮುಂದಿನ ಶನಿವಾರದಿಂದ
ಮಲಕಪ್ಪನಿಗೆ ನೋಟು ಸಿಗತೊಡಗಿದವು.

ಪರೀಕ್ಷೆಯಲ್ಲಿ ಮತ್ತೆ ನಾಣ್ಯದ ಲೆಕ್ಕ ಬಂದಿತ್ತು.
ಪರೀಕ್ಷೆಯ ಹೊಟ್ಟೆಯಲ್ಲೂ ಅದೇ ಅಕ್ಷರ ಕೂತಿರುವುದನ್ನು
ಅಂದೇ ಕಂಡೆ, ಅಕ್ಷರದ ಹೊಟ್ಟೆಯಲ್ಲೂ.
ಉತ್ತರ ಪೂರ್ಣಾಂಕವೇ ಬಂತು. ಗುರುಗಳು ಸರಿ ಗುರುತು ಹಾಕಿದರು.

ಉತ್ತರದ ಕೆಳಗೆ ನಾನು ಒಂದು ಸಾಲು ಹೆಚ್ಚಿಗೆ ಬರೆದಿದ್ದೆ:
ಗಂಟಿನಲ್ಲಿ ಎರಡೇ ಬಗೆಯ ನಾಣ್ಯಗಳಿದ್ದರೆ.
ಅದನ್ನು ಅವರು ಹೊಡೆದುಹಾಕಿರಲಿಲ್ಲ.
ಅಂಕವನ್ನೂ ಕೊಟ್ಟಿರಲಿಲ್ಲ.